ಹಾಯಿದೋಣಿ ಎತ್ತ ಹೊರಟಿದೆ?

೧೯೮೩, ಮೇ ೬, ಶುಕ್ರವಾರ. ಸಂಜೆ ಐದು ಗಂಟೆಗೆ ಬರೆಯಲು ಕುಳಿತೆ.

ಕಡಲಿನ ಕೆಳಗೆ ಮಲಗಿ ನಿದ್ದೆ ಮಾಡುವವರು ಬಹರೈನಿನ ಈ ಗುದೈಬಿಯಾದಲ್ಲಿ ನಾವಿಬ್ಬರೇ ಇರಬೇಕು: ನಾನು ಮತ್ತು ನನ್ನ ರೂಮಿನ ವಾಮನಣ್ಣ. ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ, ನಾನು ಅಚ್ಚು ಹಾಕಿದ ಇಪ್ಪತ್ತನಾಲ್ಕು ಚಿತ್ರಗಳನ್ನು ಕಳೆದ ಶುಕ್ರವಾರ ಒಣಗಲು ತೂಗುಬಿಟ್ಟೆ. ಅಂದಿನಿಂದ ಏಸಿಯ ಗಾಳಿಗೆ ಅರಾದ್ ಊರಿನ ಕಡಲುಗಳು ಒಟ್ಟಿಗೆ ಅಲುಗುತ್ತವೆ. ಊಟ ಮಾಡಿ ಅಡ್ಡಾದರೆ ರೆಪ್ಪೆ ಮುಚ್ಚಿತೋ ನೀರು ಮುಚ್ಚಿತೋ ತಿಳಿಯುವುದಿಲ್ಲ.

ನನ್ನ ಕೆಲಸ ಅಂಗಡಿ ಬೋರ್ಡು ಬರೆಯುವುದು. ರಜೆಯ ದಿನ ಮಾಲೀಕರು ಅಚ್ಚು ಹಾಕುವ ಬಟ್ಟೆಯ ಸ್ಕ್ರೀನುಗಳನ್ನು ನನಗೆ ಬಿಟ್ಟುಕೊಡುತ್ತಾರೆ. ಅರಾದ್ ದಂಡೆಯಲ್ಲಿ ಕುಳಿತು ಬರೆದ ನನ್ನ ಜಲವರ್ಣದ ಮೂಲ ಬುಸೈತೀನಿನ ಒಬ್ಬ ಸಾಹೇಬರ ಮನೆ ಸೇರಿತು. ಅದಕ್ಕೆ ಮೊದಲೇ ಟ್ರೇಸಿಂಗ್ ಹಾಳೆಗಳಲ್ಲಿ ನಕಲು ತೆಗೆದಿಟ್ಟುಕೊಂಡಿದ್ದರಿಂದ ಈಗ ಅಚ್ಚು. ಒಂದು ಬಣ್ಣಕ್ಕೆ ಒಂದು ಶುಕ್ರವಾರ: ಮೊದಲು ಆಕಾಶ, ಆಮೇಲೆ ನೀರು, ಕೊನೆಗೆ ಕಪ್ಪು ಹಾಯಿದೋಣಿ. ಒಂದೊಂದರ ಕೆಳಗೂ ಪೆನ್ಸಿಲಿನಲ್ಲಿ ೩/೨೪, ಅಂದರೆ ಇಪ್ಪತ್ತನಾಲ್ಕರಲ್ಲಿ ಮೂರನೆಯದು, ಎಂಬಂತೆ ಸಂಖ್ಯೆ ಹಾಕಿ ಸಹಿ ಮಾಡುತ್ತೇನೆ.

"ಇಪ್ಪತ್ತನಾಲ್ಕಕ್ಕೆ ಮೂರು ಮಾರ್ಕಾ? ಫೇಲಾದದ್ದನ್ನು ಯಾರು ಮಾರಾಯ ಗೋಡೆಗೆ ಹಾಕುವುದು?" ಎಂದು ವಾಮನಣ್ಣ ಕೇಳಿದ್ದರು.

ಹಾಕುವವರು ಸಿಕ್ಕಿದ್ದರು. ಅರಾದಿನಲ್ಲಿರುವ ಡ್ರೈವರ್ ಹಮೀದಾಕ, ಮೂಲ ಚಿತ್ರವನ್ನು ನೋಡಿ, ಅಚ್ಚಿನಲ್ಲಿ ಮೂರನೆಯದನ್ನು ತಮಗೆಂದು ಹೇಳಿಟ್ಟಿದ್ದರು. ಅವರ ಹೆಂಡತಿ ಖತೀಜಕ್ಕ ಇಲ್ಲಿನ ಸಂಸಾರ ಮುಗಿಸಿ ಇವತ್ತು ರಾತ್ರಿ ಉಳ್ಳಾಲಕ್ಕೆ ಹೊರಡುತ್ತಾರೆ. ಹಮೀದಾಕ ಇನ್ನೂ ಕೆಲವು ವರ್ಷ ಇಲ್ಲೇ. "ದೋಣಿ ಬಲಕ್ಕೆ ಹೋಗ್ತಾ ಉಂಟಲ್ಲ, ಅದೇ ಬೇಕು. ಮ್ಯಾಪಿನಲ್ಲಿ ನಮ್ಮ ಊರು ಬಲಕ್ಕೆ. ನಾನು ಹಿಂದೆಯೇ ಬರ್ತೇನೆ ಅಂತ ಅವಳಿಗೆ ನಂಬಿಕೆ ಬರಬೇಕು" ಎಂದಿದ್ದರು.

ಹಳೆಯ ಕಾಲದ ಮರದಚ್ಚಿನವರು ಎಲ್ಲವನ್ನೂ ತಿರುಗುಮುರುಗಾಗಿ ಕೆತ್ತುತ್ತಿದ್ದರಂತೆ. ಹಾಳೆಗೆ ಒತ್ತಿದಾಗ ಅದು ನೇರವಾಗುತ್ತಿತ್ತು. ಸ್ಕ್ರೀನಿನಲ್ಲಿ ಆ ಕಷ್ಟವಿಲ್ಲ, ನೇರವಾಗಿ ಇಟ್ಟರೆ ನೇರವಾಗಿಯೇ ಬರುತ್ತದೆ. ಅಂಥದ್ದರಲ್ಲಿ, ತಾರೀಖು ತಪ್ಪದೆ ದಿನಚರಿ ಬರೆಯುವ ನಾನು, ಕಳೆದ ಶುಕ್ರವಾರ ದೋಣಿಯ ಟ್ರೇಸಿಂಗ್ ಹಾಳೆಯನ್ನು ಸ್ಕ್ರೀನಿನ ಮೇಲೆ ಮಗುಚಿ ಇಟ್ಟಿದ್ದೆ. ಅಚ್ಚೆಲ್ಲ ಮುಗಿದು, ಹಗ್ಗಕ್ಕೆ ಏರಿಸಿದ ಮೇಲೆ ಮಂಚದಿಂದ ವಾಮನಣ್ಣನ ದನಿ ಬಂತು: "ಹೋಗ್ತಾ ಇದ್ದದ್ದು ವಾಪಸ್ ಬರ್ತಾ ಉಂಟಲ್ಲ. ಏನು, ವೀಸಾ ಸಿಕ್ಕಿತಾ?"

ಇಪ್ಪತ್ತನಾಲ್ಕು ದೋಣಿಗಳೂ ಎಡಕ್ಕೆ ಹೊರಟಿದ್ದವು. ದೋಣಿಯಿಲ್ಲದ ಕಡಲು ಒಂದೂ ಉಳಿದಿರಲಿಲ್ಲ. ಹೊಸದಾಗಿ ಮಾಡಲು ಮೂರು ಶುಕ್ರವಾರ ಬೇಕು. ಖತೀಜಕ್ಕನಿಗಿದ್ದದ್ದು ಒಂದೇ.

ಇವತ್ತು ಬೆಳಿಗ್ಗೆ ಇಬ್ಬರೂ ಬಂದರು. ಹಮೀದಾಕ ಚಿತ್ರ ನೋಡಿದವರೇ ಮಂಚದ ಮೇಲೆ ಕುಳಿತುಬಿಟ್ಟರು. "ಇದನ್ನು ಊರಲ್ಲಿ ಹಾಕಿದರೆ ನಾನು ಜನ್ಮವಿಡೀ ಬಹರೈನಿಗೇ ಬರ್ತಾ ಇದ್ದ ಹಾಗೆ ಆಯ್ತಲ್ಲ ಸತೀಶ!" ತಲೆಯ ಮೇಲೆ ಕಡಲುಗಳು ಅಲುಗುತ್ತಿದ್ದವು.

ಖತೀಜಕ್ಕ ಹಾಳೆಯನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು, ಆ ಗೋಡೆಗೊಮ್ಮೆ ಈ ಗೋಡೆಗೊಮ್ಮೆ ತಿರುಗಿದರು.

"ನಮ್ಮ ಚಾವಡಿಯಲ್ಲಿ ತೆಂಕಿನ ಗೋಡೆ ಖಾಲಿ ಉಂಟು" ಎಂದರು. "ಅದರ ಎದುರು ನಿಂತರೆ ಎಡಗೈ ಎತ್ತ? ಮೂಡಕ್ಕೆ. ಕಡಲು ಉಂಟು ಪಡುವಕ್ಕೆ. ಮತ್ತೆ ಈ ದೋಣಿ ಕಡಲಿಂದ ಮನೆಯೊಳಗೆ ಬಾರದೆ ಎಲ್ಲಿಗೆ ಹೋಗುವುದು?"

ಹಮೀದಾಕ ಕುಳಿತಲ್ಲೇ ಕೈಬೆರಳು ಆಚೀಚೆ ತಿರುಗಿಸಿ ಲೆಕ್ಕ ಹಾಕತೊಡಗಿದರು. ಹೆಂಡತಿ ಚಿತ್ರವನ್ನು ಸುರುಳಿ ಸುತ್ತುತ್ತ, "ದೋಣಿ ಸರಿ ಉಂಟು. ನೀವು ಹತ್ತಿದರೆ ಸಾಕು" ಎಂದರು.

ನಾನು ಚಿತ್ರ ಬರೆಯುವಾಗ ಹಾಳೆಯ ನಾಲ್ಕು ಅಂಚುಗಳನ್ನು ಮಾತ್ರ ನೋಡಿದ್ದೆ. ಅದಕ್ಕೊಂದು ಗೋಡೆಯಿದೆ, ಆ ಗೋಡೆಗೊಂದು ದಿಕ್ಕಿದೆ ಎಂದು ಹೊಳೆದಿರಲೇ ಇಲ್ಲ. ಉಳಿದ ಇಪ್ಪತ್ತಮೂರು ಇನ್ನು ಯಾವ ಯಾವ ಊರಿನ ಚಾವಡಿಗೆ ಹೋಗುತ್ತವೋ. ಮುಂದೆ ಎಂದಾದರೂ ಇದನ್ನು ಓದುವ ನಿಮ್ಮಲ್ಲಿ ಯಾರ ಮನೆಗಾದರೂ ಒಂದು ಬಂದಿದ್ದರೆ, ಅದನ್ನು ಯಾವ ಗೋಡೆಗೆ ಹಾಕಿದ್ದೀರಿ, ಅಲ್ಲಿ ದೋಣಿ ಯಾರ ಕಡೆಗೆ ಹೊರಟಿದೆ ಎಂದು ನನಗೊಂದು ಸಾಲು ಬರೆದು ತಿಳಿಸಿ.