ತೌಡಿಗೆ ಮಾರಿದ ಮಗಳು

ಸೊಣ್ಣಮ್ಮನನ್ನು ನಾನು ಮೊದಲು ಕಂಡ ದಿನ ಹೆಬ್ಬಾಳದ ಕೆರೆಯ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಏರಿ ಎಲ್ಲಿ ಮುಗಿಯಿತು, ನೀರು ಎಲ್ಲಿ ಮೊದಲಾಯಿತು ಎಂಬುದೇ ತಿಳಿಯುತ್ತಿರಲಿಲ್ಲ. ಆ ಬೆಳ್ಳನೆಯ ಮಬ್ಬಿನಲ್ಲಿ ಕನಕಾಂಬರದ ತೋಟವೊಂದೇ ಕೆಂಡದಂತೆ ಕಾಣುತ್ತಿತ್ತು. ಐವತ್ತೇಳನೆಯ ಇಸವಿ ಇರಬೇಕು. ನನ್ನೊಡನೆ ರಾಜಮ್ಮಣ್ಣಿಯವರಿದ್ದರು. ಅವರು ಮನಶ್ಶಾಸ್ತ್ರ ಓದಿದವರು. ಮಗುವೊಂದು ಬಹುಕಾಲ ಕಾಯಿಲೆ ಮಲಗಿದರೆ ಮನೆಯವರು ಅದನ್ನು ಹೇಗೆ ತಾಳಿಕೊಳ್ಳುತ್ತಾರೆಂದು ಮನೆಮನೆಗೆ ಹೋಗಿ ಕೇಳಿ ತಿಳಿಯುತ್ತಿದ್ದರು. ನನ್ನ ತರಗತಿಯ ಮುನಿಗಂಗಿ ಬಹಳ ದಿನಗಳಿಂದ ಶಾಲೆಗೆ ಬಂದಿರಲಿಲ್ಲವಾದ್ದರಿಂದ ಅವರನ್ನು ತೋಟದಲ್ಲಿದ್ದ ಅವಳ ಮನೆಗೆ ಕರೆದೊಯ್ದೆನು.

ಜಗುಲಿಯ ಮೇಲೆ ಹುಡುಗಿ ಕಂಬಳಿ ಹೊದ್ದು ಒರಗಿದ್ದಳು. ಕೀಲುಗಳಿಗೆ ಬಂದ ಜ್ವರ ಗುಂಡಿಗೆಗೆ ಇಳಿದು, ನಾಲ್ಕು ಮಾತಾಡಿದರೂ ಏದುಸಿರು. ಪಕ್ಕದಲ್ಲಿ ಸೊಣ್ಣಮ್ಮ ಹೂ ಕಟ್ಟುತ್ತಿದ್ದಳು.

"ನಿಮ್ಮ ಮಗಳಿಗೆ ಎಷ್ಟು ದಿನದಿಂದ ಹೀಗಿದೆಯಮ್ಮಾ?" ಎಂದು ರಾಜಮ್ಮಣ್ಣಿಯವರು ಕೇಳಿದರು.

"ನನ್ ಮಗಳಲ್ಲ ಕಣಮ್ಮ," ಎಂದಳು ಸೊಣ್ಣಮ್ಮ, ತಲೆಯೆತ್ತದೆ. "ಪಕ್ಕದ್ಮನೆ ಜೈಬುನ್ನೀಸಾದು. ಅವ್ಳುನ್ನೇ ಕೇಳ್ಕಳಿ."

ಹಾಗೆನ್ನುತ್ತಲೇ ಅವಳ ಕೈ ಹುಡುಗಿಯ ಕಾಲಿನಿಂದ ಜಾರಿದ್ದ ಕಂಬಳಿಯನ್ನು ಮೇಲೆಳೆಯಿತು. ಮತ್ತೆ ಹೂ ಕಟ್ಟತೊಡಗಿದಳು.

"ತಾಯಿ ಮನಸ್ಸನ್ನು ಕಲ್ಲು ಮಾಡಿಕೊಂಡುಬಿಟ್ಟಿದ್ದಾಳೆ, ಮೇಷ್ಟ್ರೇ. ಮಗುವಿನ ಆಸೆಯನ್ನೇ ಬಿಟ್ಟಿದ್ದಾಳೆ," ಎಂದರು ರಾಜಮ್ಮಣ್ಣಿಯವರು, ಏರಿ ಹತ್ತುತ್ತ.

ಆಗ ನಾನು ನಮ್ಮ ಕಡೆಯ ಪದ್ಧತಿಯನ್ನು ಹೇಳಿದೆನು. ಸೊಣ್ಣಮ್ಮನಿಗೆ ಮೊದಲು ಹುಟ್ಟಿದ ಮಕ್ಕಳು ಉಳಿದಿರಲಿಲ್ಲವೆಂದು ಶಾಲೆಯ ಮಕ್ಕಳಿಂದ ಕೇಳಿದ್ದೆನು. ಹೀಗಾದ ಮನೆಯಲ್ಲಿ ಮುಂದಿನ ಮಗುವೂ ಕಾಯಿಲೆ ಬಿದ್ದರೆ ಅದನ್ನು ಬೇರೆಯವರಿಗೆ ಮಾರಿಬಿಡುತ್ತಾರೆ. ಜೈಬುನ್ನೀಸಾ ಗೋಡೆಯ ಮೇಲಿಂದ ಒಂದು ಮೊರ ತೌಡು ಕೊಟ್ಟು ಗಂಗಿಯನ್ನು ಕೊಂಡಿದ್ದಳು. ಹುಡುಗಿ ಮಲಗುವುದು, ಉಣ್ಣುವುದು ಎಲ್ಲ ಸೊಣ್ಣಮ್ಮನ ಮನೆಯಲ್ಲಿಯೇ. ಆದರೆ ಸಾವು ಹುಡುಕಿಕೊಂಡು ಬಂದರೆ ಸೊಣ್ಣಮ್ಮನಿಗೆ ಮಕ್ಕಳೇ ಇಲ್ಲ!

ಮುಂದಿನ ವಾರ ರಾಜಮ್ಮಣ್ಣಿಯವರು ಜಗುಲಿಯ ಮೇಲೆ ಕುಳಿತು, "ಜೈಬುನ್ನೀಸಾ ಅವರ ಮಗಳು ರಾತ್ರಿ ನಿದ್ದೆ ಮಾಡುತ್ತಾಳಾ?" ಎಂದರು. ಸೊಣ್ಣಮ್ಮ ಹೂವನ್ನು ಕೆಳಗಿಟ್ಟಳು. ಮಧ್ಯಾಹ್ನದವರೆಗೆ ಮಾತಾಡಿದಳು.

ಬೇಸಿಗೆಯಲ್ಲಿ ಗಂಗಿಯ ಉಸಿರಾಟ ತೀರ ಕೆಟ್ಟಿತು. ರಾಜಮ್ಮಣ್ಣಿಯವರೂ ನಾನೂ ಅವಳನ್ನೂ ಸೊಣ್ಣಮ್ಮನನ್ನೂ ಜಟಕಾದಲ್ಲಿ ಪಟ್ಟಣದ ಆಸ್ಪತ್ರೆಗೆ ಕರೆದೊಯ್ದೆವು, ಜೈಬುನ್ನೀಸಾಳೂ ಬಂದಳು.

"ಮಗುವಿನ ಹತ್ತಿರ ತಾಯಿ ಒಬ್ಬಳೇ ಇರಬಹುದು. ಯಾರು ತಾಯಿ?" ಎಂದು ನರ್ಸಮ್ಮ ಕೇಳಿದಳು.

ಸೊಣ್ಣಮ್ಮ ಜೈಬುನ್ನೀಸಾಳ ಕಡೆ ನೋಡಿದಳು.

"ಒಂದು ಸಲ ಹೇಳಿಬಿಡಮ್ಮ," ಎಂದೆನು ನಾನು ಮೆಲ್ಲಗೆ.

"ಏಳುದ್ರೆ ಅದು ಕೇಳಿಸ್ಕಂತದೆ, ಮೇಷ್ಟ್ರೇ. ಇಲ್ಲೇ ಎಲ್ಲೋ ನಿಂತಿರ್ತದೆ."

"ತಾಯಿ ಅಲ್ಲದಿದ್ದರೆ ಹೊರಗೆ ನಡಿಯಮ್ಮ," ಎಂದಳು ನರ್ಸು.

ಆಗ ಜೈಬುನ್ನೀಸಾ ಮುಂದೆ ಬಂದಳು. "ತಾಯಿ ನಾನು. ಮನೇಲಿ ಎಳೇ ಕೂಸೈತೆ, ನಾನಿರಕಾಗಲ್ಲ. ಇವ್ಳು ನಾನಿಟ್ಟಿರೋ ಆಳು. ಇವ್ಳೇ ಇರ್ತಾಳೆ."

"ಈ ಮನೆಯವರನ್ನು ನಾನು ಬಲ್ಲೆ. ಆ ತಾಯಿ ಹೇಳಿದಂತೆ ನಡೆಸಿಕೊಡಿ," ಎಂದರು ರಾಜಮ್ಮಣ್ಣಿಯವರು.

ನರ್ಸು ಗಂಗಿಯ ಕಡೆ ನೋಡಿದಳು. ಹುಡುಗಿಯ ಮುಷ್ಟಿಯಲ್ಲಿ ಸೊಣ್ಣಮ್ಮನ ಸೆರಗಿತ್ತು. ನರ್ಸು ಒಂದು ಮಣೆಯನ್ನು ತಂದು ಮಂಚದ ಪಕ್ಕಕ್ಕೆ ಹಾಕಿದಳು.

ಹೊರಡುವಾಗ ಜೈಬುನ್ನೀಸಾ ಬಾಗಿಲಲ್ಲಿ ತಿರುಗಿ, "ಏ ಆಳೇ, ನನ್ ಮಗಳುನ್ನ ಸರಿಯಾಗಿ ನೋಡ್ಕೊ. ತೂಕಡಿಸಿದ್ರೆ ಕೂಲಿ ಮುರ್ಕಂತೀನಿ!" ಎಂದಳು.

"ಕೊಟ್ರಲ್ವೇನೇ ಮುರ್ಕಳಾದು, ಜಿಪುಣಿ!"

ಗಂಗಿ ನಕ್ಕಳು. ಅವಳಿಗೆ ಏದುಸಿರು ಬರಲು ನಾವು ಗಾಬರಿಯಾದೆವು. ಅವಳು ಮತ್ತೂ ನಕ್ಕಳು.

ಮಳೆಗಾಲವೆಲ್ಲ ಸೊಣ್ಣಮ್ಮ ಆ ಮಣೆಯ ಮೇಲೆ ಕಳೆದಳು. ಕೆರೆ ತುಂಬಿ ಕೋಡಿ ಬಿದ್ದ ಮೇಲೆ, ಒಂದು ಮಂಜಿನ ಬೆಳಗ್ಗೆ, ಆಳು ತನ್ನ ಒಡತಿಯ ಮಗಳನ್ನು ಎತ್ತಿಕೊಂಡು ಏರಿಯ ಮೇಲೆ ಬರುತ್ತಿರುವುದನ್ನು ಶಾಲೆಯ ಬಾಗಿಲಿನಿಂದ ಕಂಡೆನು. ಮೊದಲು ಅದು ಕನಸೆಂದೇ ತೋರಿತು.

ಇದೆಲ್ಲ ಆಗಿ ಹನ್ನೆರಡು ವರ್ಷಗಳಾದವು. ಗಂಗಿ ಈಗ ದೊಡ್ಡವಳು. ತಿಂಗಳಿಗೊಮ್ಮೆ ಸೂಜಿ ಚುಚ್ಚಿಸಿಕೊಂಡು ಬರುತ್ತಾಳೆ. ಓಡುವಂತಿಲ್ಲ, ಭಾರ ಹೊರುವಂತಿಲ್ಲ, ಹೂ ಕಟ್ಟುತ್ತಾಳೆ. ಸೊಣ್ಣಮ್ಮ ಈಗಲೂ ಕನಕಾಂಬರದ ತೋಟದಲ್ಲಿಯೇ ಇದ್ದಾಳೆ. ಕೆರೆಯ ಕೆಳಗಿನ ಭತ್ತ ಕುಟ್ಟಿದಾಗ ಪ್ರತಿವರ್ಷವೂ ಮೊರದ ತುಂಬ ತೌಡು ತುಂಬಿಕೊಂಡು, ಮಗಳನ್ನು ಮರಳಿ ಕೊಳ್ಳಲು ಗೋಡೆಯ ಬಳಿಗೆ ಹೋಗುತ್ತಾಳೆ. ಜೈಬುನ್ನೀಸಾ ತೌಡನ್ನು ತೆಗೆದುಕೊಂಡು ಎಮ್ಮೆಯ ಬಾನಿಗೆ ಸುರಿಯುತ್ತಾಳೆ.

"ಈ ವರ್ಸ ಮಾರಲ್ಲ ಓಗೇ. ಮುಂದಿನ್ವರ್ಸ ಬಾ."

ಸೊಣ್ಣಮ್ಮ ಅವಳನ್ನು ಜಿಪುಣಿಯೆಂದು ಬೈಯುತ್ತಾಳೆ. ಬರಿಯ ಮೊರವನ್ನು ಬಡಿದು, ಸೊಂಟಕ್ಕಿಟ್ಟುಕೊಂಡು, ಗಂಗಿ ಹೂ ಕಟ್ಟುತ್ತಿರುವ ಜಗುಲಿಗೆ ಹಗುರವಾಗಿ ನಡೆದು ಬರುತ್ತಾಳೆ.