ಮಲಗಿದರೆ ಹೋಗುವ ತಲೆನೋವು

ಬೀದಿಯವರೆಲ್ಲ ಅವಳನ್ನು ಇಸ್ತ್ರಿ ಅಕ್ಕ ಅಂತಲೇ ಕರೆಯುವುದು. ಅಮ್ಮ ಹೋದ ಮೇಲೆ ಅಂಗಡಿಯನ್ನೂ ತಂಗಿಯನ್ನೂ ಒಟ್ಟಿಗೆ ಹೊತ್ತವಳು. ಮೈ ಸುಡುವ ಜ್ವರದಲ್ಲೂ ಮೇಜು ಬಿಟ್ಟು ಕದಲಿದವಳಲ್ಲ. ಅದನ್ನು ಬಂದವರಿಗೆಲ್ಲ ಹೇಳಿಕೊಳ್ಳುವ ಚಟವೂ ಇತ್ತು.

ತಂಗಿಗೆ ಹರ್ನಿಯಾ ಆಪರೇಷನ್ ಆಯಿತು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು, ಸೊಂಟದಿಂದ ಕೆಳಗೆ ಮರಗಟ್ಟಿಸಿ ಮಾಡಿದ್ದು. ಹೊಲಿಗೆ ಚೆನ್ನಾಗಿದೆ ಎಂದು ಮನೆಗೆ ಕಳಿಸಿದರು. ಮಾರನೆಯ ಬೆಳಿಗ್ಗೆಯೇ ತಲೆನೋವು ಶುರುವಾಯಿತು. ಎದ್ದು ಕೂತರೆ ತಲೆ ಸಿಡಿದುಹೋಗುತ್ತದೆ, ಕುತ್ತಿಗೆ ಸೆಟೆಯುತ್ತದೆ. ದಿಂಬಿಗೆ ತಲೆ ಕೊಟ್ಟರೆ ಸ್ವಲ್ಪ ಹೊತ್ತಿಗೆ ಮಾಯ.

ಅಕ್ಕನಿಗೆ ಇನ್ನೇನು ಸಾಕ್ಷಿ ಬೇಕು? ಭಾರ ಎತ್ತಬೇಡ, ಸುಮ್ಮನೆ ಕೂತು ಬಟ್ಟೆ ಮಡಚು ಅಂದರೆ ಅದೂ ಆಗುವುದಿಲ್ಲವಂತೆ. ಗಿರಾಕಿಗಳ ಮುಂದೆ ಮಾತು ಹರಿಯಿತು. "ನಮ್ಮ ಮಹಾರಾಣಿಯವರ ಕಾಯಿಲೆ ಕೇಳಿದ್ರಾ? ಮಲಗಿದ್ರೆ ಮಾಯ, ಬಟ್ಟೆ ಗಂಟು ಕಂಡ್ರೆ ಹಾಜರ್." ಅವರೂ ನಕ್ಕರು. ತೆಳ್ಳನೆಯ ಗೋಡೆಯಾಚೆ ಮಲಗಿದ್ದವಳಿಗೆ ಅಷ್ಟೂ ಕೇಳಿಸುತ್ತಿತ್ತು.

ಕೊನೆಗೊಂದು ದಿನ ರಟ್ಟೆ ಹಿಡಿದು ಎಬ್ಬಿಸಿ, ತಂದು ಸ್ಟೂಲಿನ ಮೇಲೆ ಕೂರಿಸಿದಳು. ನಾಲ್ಕು ಅಂಗಿ ಮಡಚುವಷ್ಟರಲ್ಲಿ ತಂಗಿ ಅವುಗಳ ಮೇಲೆಯೇ ವಾಂತಿ ಮಾಡಿಕೊಂಡಳು. ಅಕ್ಕ ಮೊದಲು ಬೈದದ್ದು ಅಂಗಿ ಹಾಳಾದವೆಂದು. ಬೈಗುಳ ಮುಗಿಯುವ ಮೊದಲೇ ತಂಗಿ ಮೆಲ್ಲಗೆ, ಅಕ್ಕಾ, ನೀನು ಎರಡೆರಡು ಕಾಣ್ತಿದೀಯ ಅಂದಳು.

ಆಗ ಆಟೋ ಬಂತು.

ಅರಿವಳಿಕೆಯ ಡಾಕ್ಟರ ಮುಂದೆ ಮೊದಲು ಬಾಯಿ ಬಿಟ್ಟವಳೂ ಅಕ್ಕನೇ. "ಸ್ವಲ್ಪ ನಾಟಕಾನೂ ಇದೆ ಡಾಕ್ಟ್ರೇ. ಮಲಗಿದ್ರೆ ಏನೂ ಇರಲ್ಲ."

"ನಾಟಕ ಅಲ್ಲಮ್ಮ, ಈ ತಲೆನೋವಿನ ಗುರುತೇ ಅದು," ಅಂದರು ಡಾಕ್ಟರು.

ಬೆನ್ನುಹುರಿಯ ಸುತ್ತ ನೀರು ತುಂಬಿದ ಚೀಲವಿರುತ್ತದೆ, ಸೂಜಿ ಹೋದ ತೂತಿನಿಂದ ಆ ನೀರು ಸೋರುತ್ತಿದೆ, ಎದ್ದು ಕೂತಾಗ ಮಿದುಳಿಗೆ ಆಸರೆ ತಪ್ಪುತ್ತದೆ ಎಂದು ವಿವರಿಸಿದರು. ಕೆಲವರಿಗೆ ಹೀಗಾಗುತ್ತದೆ, ಬಿಟ್ಟರೆ ಅಪಾಯಕ್ಕೂ ಹೋಗಬಹುದು. ಮನೆಗೆ ಕಳಿಸುವಾಗ ಯಾರೂ ಹೇಳಲಿಲ್ಲವಾ ಎಂದೂ ಕೇಳಿದರು.

ಹೇಳಿರಲಿಲ್ಲ. ಚುಚ್ಚುವಾಗ ಬೆನ್ನು ಬಗ್ಗಿಸು ಎನ್ನಲು ಬಾಯಿದ್ದವರಿಗೆ, ತಲೆ ನೋವು ಬಂದರೆ ವಾಪಸ್ ಬಾ ಎನ್ನಲು ಬಾಯಿರಲಿಲ್ಲ. ಅಕ್ಕ ಆ ಸಿಟ್ಟನ್ನು ಹಿಡಿದು ಬಚಾವಾಗಬಹುದಿತ್ತು. ಆಗಲಿಲ್ಲ. ಆಸ್ಪತ್ರೆ ಹೇಳಲಿಲ್ಲ, ಸರಿ. ತಂಗಿ ಹೇಳಿದ್ದಳಲ್ಲ? ದಿನಾ ಹೇಳಿದ್ದಳು.

ತೋಳಿನಿಂದ ರಕ್ತ ತೆಗೆದು ಬೆನ್ನಿಗೆ ಕೊಟ್ಟರೆ ಅದು ಹೆಪ್ಪುಗಟ್ಟಿ ತೂತು ಮುಚ್ಚುತ್ತದೆ ಎಂದರು ಡಾಕ್ಟರು. ಅಕ್ಕ ಆಗಲೇ ರವಿಕೆಯ ತೋಳು ಮೇಲೇರಿಸಿ ಕೈ ಚಾಚಿದ್ದಳು. "ನನ್ನದು ತಗೊಳ್ಳಿ."

"ನಿಮ್ಮದು ಆಗಲ್ಲಮ್ಮ. ಅವರದ್ದೇ ಬೇಕು."

ಚಾಚಿದ ಕೈಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ ಅವಳಿಗೆ. ಡಾಕ್ಟರು ಸಿದ್ಧತೆಗೆ ಹೊರಡುತ್ತ, ಅಲ್ಲಿಯವರೆಗೆ ಆ ಮಂಚದ ಮೇಲೆ ಮಲಗಿರಿ ಅಂದರು. ತಂಗಿ ಎದ್ದವಳು ಮಂಚದ ಹತ್ತಿರ ಹೋಗಿ ನಿಂತೇ ಇದ್ದಳು. ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಕ್ಕನ ಮುಖ ನೋಡಿದಳು.

"ಅಕ್ಕಾ, ಮಲ್ಕೊಳ್ಲಾ?"