ಸಿಂಗಾಪುರದಲ್ಲಿ ಇಪ್ಪತ್ತನಾಲ್ಕು ಸರ್ವರು

ಹುಣಸೂರಿನ ನಮ್ಮ ಬೀದಿಯಲ್ಲಿ ಆವತ್ತು ಕಂಬ ಬದಲಾಯಿಸುತ್ತೇವೆಂದು ಬೆಳಿಗ್ಗೆಯೇ ಕರೆಂಟು ತೆಗೆದರು. ನಾನು ಮನೆಯಿಂದಲೇ ಒಂದು ಕಂಪನಿಯ ಸರ್ವರುಗಳನ್ನು ನೋಡಿಕೊಳ್ಳುವವಳು. ಮಧ್ಯಾಹ್ನ ಮೂರಕ್ಕೆ ಗ್ರಾಹಕರಿಗೆ ಏನೋ ತೋರಿಸಬೇಕಿತ್ತು. ಅಷ್ಟರೊಳಗೆ ಆರು ಹೊಸ ಸರ್ವರು ತಯಾರಿರಬೇಕೆಂದು ನಮ್ಮ ಟೀಮ್ ಲೀಡ್ ಹಿಂದಿನ ದಿನವೇ ಹೇಳಿದ್ದರು. ಹತ್ತು ಗಂಟೆಗೆ ಲ್ಯಾಪ್‌ಟಾಪಿನ ಬ್ಯಾಟರಿ ಕೆಂಪಾಯಿತು. ಚಾರ್ಜರ್ ಹಿಡಿದು ರಸ್ತೆ ದಾಟಿ, ಮರಗೆಲಸದ ಚಾಚಾನ ಅಂಗಡಿಗೆ ಹೋದೆ. ಅವರದು ಬೇರೆ ಲೈನು, ಕರೆಂಟಿತ್ತು.

"ಬಾ ಬೇಟಾ, ಕೂತ್ಕೋ. ಧೂಳೈತೆ, ನೋಡ್ಕೊ," ಎಂದು ಚಾಚಾ ಒಂದು ಸ್ಟೂಲನ್ನು ಒರೆಸಿ ಕೊಟ್ಟರು. ಅಂಗಡಿಯಲ್ಲಿ ಹನಗೋಡಿನ ಕಡೆಯ ಅಜ್ಜಿಯೊಬ್ಬರು ತಮ್ಮ ಮನೆಯ ಬಾಗಿಲಿಗಾಗಿ ಕಾದು ಕೂತಿದ್ದರು. ಅದಕ್ಕೆ ಚಿಲಕ ಕೂರಿಸುವುದೊಂದೇ ಬಾಕಿಯಂತೆ.

ನನ್ನ ಕೆಲಸ ಕಷ್ಟದ್ದೇನಲ್ಲ. ಎಂಥ ಸರ್ವರು ಬೇಕೆಂದು ಒಂದು ಕಡತದಲ್ಲಿ ಬರೆದಿಟ್ಟರೆ ನಮ್ಮ ಸಾಫ್ಟ್‌ವೇರು ತಾನೇ, ಸರ್ವರು ಬಾಡಿಗೆಗೆ ಕೊಡುವ ಕ್ಲೌಡ್ ಕಂಪನಿಗೆ ಹೇಳಿ ಮಾಡಿಸುತ್ತದೆ. ಹಾಗೆ ಹೇಳಲು ಅದಕ್ಕೆ ಮಾಡ್ಯೂಲ್ ಎಂಬ ಸಣ್ಣ ಸಣ್ಣ ತುಂಡುಗಳು ಬೇಕು. ಕ್ಲೌಡ್ ಕಂಪನಿಯವರು ತಮ್ಮ ನಿಯಮ ಬದಲಿಸಿದ್ದರಿಂದ ನನ್ನ ಹಳೆಯ ಮಾಡ್ಯೂಲುಗಳ ಮಾತು ಅಲ್ಲಿ ನಡೆಯುತ್ತಿರಲಿಲ್ಲ. ಹೊಸದನ್ನು ಇಳಿಸಿಕೊಳ್ಳಬೇಕಿತ್ತು. ಇಳಿಸಿಕೊಂಡೆ. ಅದರ ಜೊತೆ ಉದ್ದನೆಯ ಒಂದು ಸೂಚನಾಪತ್ರ ಬಂತು. ಇಷ್ಟು ವರ್ಷದ ಅನುಭವವಿರುವ ನಾನು ಅದನ್ನೆಲ್ಲ ಓದಲೇ ಎಂದುಕೊಂಡು ಮುಚ್ಚಿದೆ.

ಸಾಫ್ಟ್‌ವೇರನ್ನು ಓಡಿಸಿದೆ. ಆರೂ ಆಯಿತು ಎಂದು ಹಸಿರು ಅಕ್ಷರದಲ್ಲಿ ಬಂತು. ಖುಷಿಯಿಂದ ಕ್ಲೌಡ್ ಕಂಪನಿಯ ಪುಟ ತೆರೆದರೆ ಒಂದೂ ಇಲ್ಲ. ಮತ್ತೆ ಓಡಿಸಿದೆ. ಮತ್ತೆ ಹಸಿರು, ಮತ್ತೆ ಸೊನ್ನೆ. ಮಾಡ್ಯೂಲು ಸರಿಯಾಗಿ ಕೂತಿಲ್ಲವೆಂದು ಕಿತ್ತು ಹಾಕಿ ಇನ್ನೊಮ್ಮೆ ಕೂರಿಸಿದೆ. ಓಡಿಸಿದೆ. ಅದೇ ಕಥೆ.

ಇಷ್ಟರಲ್ಲಿ ಲೀಡ್ ಎರಡು ಸಲ ಫೋನು ಮಾಡಿದರು. ಫೋನು ಬಂದಾಗಲೆಲ್ಲ ಚಾಚಾ ತಮ್ಮ ಯಂತ್ರ ನಿಲ್ಲಿಸಿ, ನಾನು ಮಾತು ಮುಗಿಸುವವರೆಗೆ ಕೈಕಟ್ಟಿ ನಿಲ್ಲುತ್ತಿದ್ದರು. ಅವರ ಮರ್ಯಾದೆ ನೋಡಿ ನನಗೆ ಸುಳ್ಳು ಹೇಳಲೂ ನಾಚಿಕೆ. ಆದರೂ "ಆಗ್ತಾ ಇದೆ ಸರ್, ಇನ್ನೇನು ಮುಗೀತು," ಎಂದೆ.

ಅಜ್ಜಿ ಎಲೆಯಡಿಕೆ ಬಾಯಿಗೆ ಹಾಕಿಕೊಂಡು ಹತ್ತಿರ ಬಂದರು. "ಏನವ್ವ, ಆಗ್ಲಿಂದ ಅದ್ನೇ ಕುಟ್ತಿದ್ದೀಯ?"

"ಕಂಪ್ಯೂಟ್ರು ಮಾಡಿಸ್ತಿದ್ದೀನಿ ಕಣಜ್ಜಿ. ಆರು."

"ಎಲ್ಲವ್ವ?"

"ಇಲ್ಲಲ್ಲ. ದೂರದಲ್ಲಿ, ಮುಂಬೈನಲ್ಲಿ."

"ಅಲ್ಲಿ ಮಾಡ್ಸಾಕೆ ಇಲ್ಯಾಕೆ ಕೂತಿದ್ದೀಯ?"

"ಮಾಡಿದ್ದೀನಿ ಅಂತ ಹೇಳ್ತದೆ, ಹೋಗಿ ನೋಡಿದ್ರೆ ಇಲ್ಲ," ಎಂದು ದುಃಖ ತೋಡಿಕೊಂಡೆ.

ಅಜ್ಜಿ ಸ್ವಲ್ಪ ಹೊತ್ತು ಅಗಿದರು. "ಆಯ್ತು ಅಂತ ಅದೇ ಯೋಳ್ತಾ ಐತೆ ಅಂದ್ಮೇಲೆ ಎಲ್ಲೋ ಆಗಿರ್ತದೆ ಬುಡವ್ವ. ನೀನು ನೋಡೋ ತಾವು ಸರೀಗೈತಾ ನೋಡು."

ಹಳೆಯ ಕಾಲದವರು, ಇವರಿಗೇನು ಗೊತ್ತು ಎಂದು ಮನಸ್ಸಿನಲ್ಲೇ ನಕ್ಕು ನಾಲ್ಕನೆಯ ಸಲ ಓಡಿಸಿದೆ.

ಆಗ ಲೀಡ್ ಮತ್ತೆ ಫೋನು ಮಾಡಿದರು. ಈ ಸಲ ದನಿ ಬೇರೆಯಾಗಿತ್ತು. "ಮೇಡಮ್, ಸಿಂಗಾಪುರದಲ್ಲಿ ನಮ್ಮ ಹೆಸರಲ್ಲಿ ಇಪ್ಪತ್ತನಾಲ್ಕು ಸರ್ವರ್ ಓಡ್ತಿವೆ. ಯಾರು ಮಾಡಿದ್ದು ಅಂತ ಏನಾದ್ರೂ ಗೊತ್ತಾ?"

ಆರು ನಾಲ್ಕಲೆ ಇಪ್ಪತ್ತನಾಲ್ಕು. ಮಗ್ಗಿ ಅಷ್ಟು ಬೇಗ ನನಗೆ ಶಾಲೆಯಲ್ಲೂ ಬಂದಿರಲಿಲ್ಲ. ಮುಚ್ಚಿದ್ದ ಸೂಚನಾಪತ್ರ ತೆರೆದೆ. ಮೊದಲ ಪುಟದಲ್ಲೇ, ದಪ್ಪಕ್ಷರದಲ್ಲಿ ಇತ್ತು: ಯಾವ ಊರೆಂದು ಬರೆಯದಿದ್ದರೆ ಇನ್ನು ಮುಂದೆ ಸಿಂಗಾಪುರವೆಂದೇ ತಿಳಿಯಲಾಗುವುದು. ಹಳೆಯ ಮಾಡ್ಯೂಲು ಬರೆಯದಿದ್ದರೂ ಮುಂಬೈಗೇ ಹೋಗುತ್ತಿತ್ತು; ನಾನು ತೆರೆದು ನೋಡುತ್ತಿದ್ದದ್ದೂ ಮುಂಬೈನ ಪುಟವನ್ನೇ. ನಾನು ಸರ್ವರುಗಳಿಗೆ ಹೆಸರನ್ನೂ ಕೊಟ್ಟಿರಲಿಲ್ಲವಾದ್ದರಿಂದ, ಪಾಪ, ಅದು ಪ್ರತಿ ಸಲವೂ ಹೊಸ ಆರು ಕೇಳುತ್ತಿದ್ದಾಳೆಂದು ಭಾವಿಸಿ ಮಾಡಿಕೊಟ್ಟಿತ್ತು.

"ನಾನೇ ಸರ್," ಎಂದೆ.

ಚಾಚಾ ಕೈಕಟ್ಟಿ ನಿಂತೇ ಇದ್ದರು.

ಕಡತದಲ್ಲಿ ಮುಂಬೈ ಎಂದು ಒಂದು ಸಾಲು ಸೇರಿಸಿದೆ. ಎರಡೇ ನಿಮಿಷ, ಆರೂ ಸರ್ವರು ಸಾಲಾಗಿ ಕಾಣಿಸಿಕೊಂಡವು. ಸಿಂಗಾಪುರದವನ್ನು ಅಳಿಸಲು ಮತ್ತೆ ಸಾಫ್ಟ್‌ವೇರನ್ನು ನಂಬುವ ಧೈರ್ಯ ಬರಲಿಲ್ಲ. ಒಂದೊಂದನ್ನೇ ನೋಡಿ ನೋಡಿ ಕೈಯಿಂದಲೇ ಅಳಿಸಿದೆ. ಅಜ್ಜಿ ಪಕ್ಕದಲ್ಲಿ ಕೂತು ಎಣಿಸಿದರು. ಹದಿನೇಳರ ಹತ್ತಿರ ನಮ್ಮಿಬ್ಬರಿಗೂ ಲೆಕ್ಕ ತಪ್ಪಿ ಜಗಳವೇ ಆಯಿತು; ಅಜ್ಜಿಯದೇ ಸರಿಯಿತ್ತು.

"ಯೋಳ್ನಿಲ್ವಾ, ಎಲ್ಲೋ ಆಗಿರ್ತದೆ ಅಂತ," ಎಂದರು.

ಮೂರು ಗಂಟೆಗೆ ಗ್ರಾಹಕರಿಗೆ ತೋರಿಸುವ ಕೆಲಸ ಸುಸೂತ್ರವಾಗಿ ನಡೆಯಿತು. ಆ ವಾರದ ಆನ್‌ಲೈನ್ ಮೀಟಿಂಗಿನಲ್ಲಿ ಲೀಡ್ ಬಹಳ ಗಂಭೀರವಾಗಿ, ಹೊಸ ಮಾಡ್ಯೂಲು ಹಾಕಿಕೊಳ್ಳುವುದು ಹೇಗೆಂದು ಉಳಿದವರಿಗೆ ಮೇಡಮ್ ಹೇಳಿಕೊಡುತ್ತಾರೆ ಎಂದು ಘೋಷಿಸಿದರು. ನಾನೂ ಅಷ್ಟೇ ಗಂಭೀರವಾಗಿ, "ಎಲ್ಲಕ್ಕಿಂತ ಮೊದಲು ಸೂಚನಾಪತ್ರವನ್ನು ಪೂರ್ತಿ ಓದಬೇಕು," ಎಂದು ಶುರು ಮಾಡಿದೆ. ಎಲ್ಲರೂ ಬರೆದುಕೊಂಡರು. ಲೀಡ್ ಮಾತ್ರ ನಗು ಮುಚ್ಚಿಕೊಳ್ಳಲು ಕ್ಯಾಮೆರಾ ಆಫ್ ಮಾಡಿಕೊಂಡರು. ಮೈಕು ಆಫ್ ಮಾಡಲು ಮರೆತಿದ್ದರು.